ಕೈಯಲ್ಲಿ ಓಡಿಸಿದರೆ ಓಡುತ್ತದೆ, ರಾತ್ರಿ 2ಕ್ಕೆ ಮಾತ್ರ ಓಡುವುದಿಲ್ಲ: ಕ್ರಾನ್ ಜಾಬ್ ಬಗ್ಗೆ ಸಹಾಯ ಬೇಕು

ನಸುಕು_ಡೆವ್ | ಸೋಮವಾರ, ಬೆಳಿಗ್ಗೆ 9:05

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ನಮ್ಮದು ಜ್ಯಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಬರೆದ ವೆಬ್ ಆ್ಯಪ್. ಡೇಟಾಬೇಸ್ ಪೋಸ್ಟ್‌ಗ್ರೆಸ್, ಒಂದೇ ಲಿನಕ್ಸ್ ಸರ್ವರ್. ಜನ ಇದರಲ್ಲಿ ಅಪಾಯಿಂಟ್‌ಮೆಂಟ್ ಬುಕ್ ಮಾಡುತ್ತಾರೆ. ಮುಂದಿನ ಏಳು ದಿನದೊಳಗೆ ಅಪಾಯಿಂಟ್‌ಮೆಂಟ್ ಇರುವವರಿಗೆ, ಇನ್ನೂ ಕಳಿಸಿಲ್ಲ ಅಂದರೆ, ರಾತ್ರಿ 2 ಗಂಟೆಗೆ ಒಂದು ನೆನಪಿನ ಇಮೇಲ್ ಹೋಗಬೇಕು. ಅದಕ್ಕೊಂದು ಮ್ಯಾನೇಜ್‌ಮೆಂಟ್ ಕಮಾಂಡ್ ಬರೆದು ಕ್ರಾನ್‌ಟ್ಯಾಬ್‌ಗೆ, ಅಂದರೆ ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ನ ಪಟ್ಟಿಗೆ, ಹಾಕಿದ್ದೇನೆ. ಸಮಯ 0 2 * * *, ಅಂದರೆ ದಿನಾ ರಾತ್ರಿ 2. ಒಂದು ಮುಗಿಯುವ ಮುಂಚೆ ಇನ್ನೊಂದು ಶುರುವಾಗಬಾರದು ಅಂತ ಮುಂದೆ ಎಫ್‌ಲಾಕ್ ಮೈನಸ್ ಎನ್ ಇದೆ (ಒಂದು ಲಾಕ್ ಫೈಲ್‌ಗೆ ಬೀಗ ಹಾಕಿ, ಬೀಗ ಸಿಕ್ಕರೆ ಮಾತ್ರ ಕಮಾಂಡ್ ಓಡಿಸುತ್ತದೆ). ಔಟ್‌ಪುಟ್, ಎರರ್ ಎರಡನ್ನೂ ಡೆವ್ ನಲ್‌ಗೆ, ಅಂದರೆ ಎಲ್ಲೂ ಉಳಿಯದಂತೆ, ಕಳಿಸಿದ್ದೇನೆ.

ಎಂಟು ತಿಂಗಳು ಚೆನ್ನಾಗಿ ಓಡಿತು. ಶುಕ್ರವಾರ ಬೆಳಗಿನ ಜಾವದಿಂದ ನಿಂತುಹೋಗಿದೆ. ಡೇಟಾಬೇಸ್‌ನಲ್ಲಿ ಒಂದೇ ಒಂದು ಅಪಾಯಿಂಟ್‌ಮೆಂಟ್‌ಗೂ 'ಕಳಿಸಿದೆ' ಅನ್ನುವ ಗುರುತು ಬಿದ್ದಿಲ್ಲ. ಎಲ್ಲೂ ಎರರ್ ಇಲ್ಲ. ಟರ್ಮಿನಲ್‌ನಲ್ಲಿ ಅದೇ ಕಮಾಂಡನ್ನು ನನ್ನ ಒಂದು ಖಾತೆಗೆ ಮಾತ್ರ ಕೊಟ್ಟು ಓಡಿಸಿದರೆ ಎರಡು ಸೆಕೆಂಡಿನಲ್ಲಿ ಇಮೇಲ್ ಬರುತ್ತದೆ!

ನಿನ್ನೆ ಒಬ್ಬರು, "ನೆನಪಿನ ಇಮೇಲ್ ಬರುತ್ತದೆ ಅಂತ ನಂಬಿಕೊಂಡಿದ್ದೆ, ಅಪಾಯಿಂಟ್‌ಮೆಂಟ್ ತಪ್ಪಿಹೋಯಿತು" ಅಂತ ಬರೆದರು. ಓದಿ ತುಂಬಾ ಬೇಜಾರಾಯಿತು. ಇವತ್ತು ರಾತ್ರಿಯೊಳಗೆ ಸರಿಮಾಡಲೇಬೇಕು.

ನೀಲಿ_ಟರ್ಮಿನಲ್ | 9:21

ಕೈಯಲ್ಲಿ ಓಡಿ ಕ್ರಾನ್‌ನಲ್ಲಿ ಓಡದಿದ್ದರೆ ನಾನು ಮೊದಲು ನೋಡುವುದು ಎನ್ವಿರಾನ್‌ಮೆಂಟ್, ಅಂದರೆ ಕಮಾಂಡಿಗೆ ಸಿಗುವ ಪಾತ್, ವೇರಿಯಬಲ್‌ಗಳು. ನೀವು ಲಾಗಿನ್ ಆದಾಗ ಸಿಗುವ ಶೆಲ್ ಬೇರೆ, ಕ್ರಾನ್ ಕೊಡುವ ಶೆಲ್ ಬೇರೆ. ಕ್ರಾನ್ ನಿಮ್ಮ ಬ್ಯಾಶ್‌ಆರ್‌ಸಿ ಫೈಲ್ ಓದುವುದಿಲ್ಲ. ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಚಿಕ್ಕದಾಗಿರುತ್ತದೆ, ಸಾಮಾನ್ಯವಾಗಿ ಎರಡು ಬಿನ್ ಫೋಲ್ಡರ್ ಅಷ್ಟೇ. ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ಅದಕ್ಕೆ ಗೊತ್ತೇ ಇರುವುದಿಲ್ಲ. ಸೀಕ್ರೆಟ್ ಕೀ, ಡೇಟಾಬೇಸ್ ಪಾಸ್‌ವರ್ಡ್ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿದ್ದರೆ ಅವೂ ಸಿಗುವುದಿಲ್ಲ.

ಊಹೆ ಮಾಡುತ್ತಾ ಕೂರಬೇಡಿ. ಕ್ರಾನ್‌ಟ್ಯಾಬ್‌ನಲ್ಲಿ ಒಂದು ನಿಮಿಷದ ಮಟ್ಟಿಗೆ ಎನ್ವ್ ಕಮಾಂಡ್ (ವೇರಿಯಬಲ್‌ಗಳನ್ನೆಲ್ಲ ತೋರಿಸುತ್ತದೆ) ಹಾಕಿ, ಔಟ್‌ಪುಟ್ ಒಂದು ಫೈಲ್‌ಗೆ ಬರೆಸಿ. ನಿಮ್ಮ ಟರ್ಮಿನಲ್‌ನ ಎನ್ವ್ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು: ಸಾಲಿನಲ್ಲಿ % ಚಿಹ್ನೆ ಇದೆಯಾ? ಫೈಲ್ ಹೆಸರಿಗೆ ದಿನಾಂಕ ಸೇರಿಸಲು ಡೇಟ್ ಕಮಾಂಡ್ ಬಳಸುವವರು ಇಲ್ಲಿ ಜಾಸ್ತಿ ಎಡವುತ್ತಾರೆ. ಕ್ರಾನ್‌ಟ್ಯಾಬ್‌ನಲ್ಲಿ % ಅಂದರೆ ಹೊಸ ಸಾಲು. ಅದರ ಹಿಂದೆ ಒಂದು ಬ್ಯಾಕ್‌ಸ್ಲ್ಯಾಷ್ ಇರದಿದ್ದರೆ ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ.

ನಸುಕು_ಡೆವ್ | 9:40

% ಇಲ್ಲ. ಎನ್ವ್ ಹಾಕಿ ನೋಡಿದೆ. ವರ್ಚುವಲ್ ಎನ್ವಿರಾನ್‌ಮೆಂಟ್‌ನ ಪೈಥಾನ್‌ಗೆ ಪೂರ್ತಿ ಪಾತ್ ಕೊಟ್ಟಿದ್ದೇನೆ, ವೇರಿಯಬಲ್‌ಗಳನ್ನು ಆ್ಯಪ್ ಒಂದು ಫೈಲ್‌ನಿಂದ ತಾನೇ ಓದಿಕೊಳ್ಳುತ್ತದೆ. ಗುರುವಾರ ಡಿಪ್ಲಾಯ್ (ಹೊಸ ಕೋಡ್ ಸರ್ವರ್‌ಗೆ ಹಾಕುವುದು) ಕೂಡ ಆಗಿಲ್ಲ.

ಹಳೇ_ಸರ್ವರ್ | 9:58

ಎಂಟು ತಿಂಗಳು ಓಡಿದೆ, ಏನೂ ಬದಲಾಗಿಲ್ಲ ಅಂದಮೇಲೆ ಎನ್ವಿರಾನ್‌ಮೆಂಟ್ ಮೇಲೆ ನನಗೆ ಅನುಮಾನ ಕಡಿಮೆ. ನೀಲಿ_ಟರ್ಮಿನಲ್ ಅವರು ಹೇಳಿದ್ದು ಹೊಸ ಜಾಬ್‌ಗಳಿಗೆ ನೂರಕ್ಕೆ ನೂರು ಸರಿ. ಇದು ಹಳೆಯ ಜಾಬ್.

'ಜಾಬ್ ಓಡಲಿಲ್ಲ' ಅಂತ ನಾವೆಲ್ಲ ಹೇಳುತ್ತೇವೆ. ಆ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಸಂಗತಿ ಇರುತ್ತವೆ. ಗಡಿಯಾರ ಬಡಿಯಿತಾ? ಬಡಿದ ಮೇಲೆ ಕೆಲಸ ಶುರುವಾಯಿತಾ? ಶುರುವಾದದ್ದು ಮುಗಿಯಿತಾ? ಮುಗಿದದ್ದರಲ್ಲಿ ಮಾಡಬೇಕಾದ್ದು ಆಯಿತಾ? ಒಂದೊಂದಕ್ಕೂ ನೋಡುವ ಜಾಗ ಬೇರೆ. ಇದನ್ನು ಬಿಡಿಸಿಕೊಳ್ಳದೆ ಕೋಡ್ ತಿದ್ದಲು ಹೊರಟರೆ ಇಡೀ ದಿನ ಹೋಗುತ್ತದೆ.

ಈಗ ಇಷ್ಟು ಮಾಡಿ. ಜರ್ನಲ್‌ಸಿಟಿಎಲ್‌ನಲ್ಲಿ ಕ್ರಾನ್ ಸರ್ವಿಸ್‌ನ ಲಾಗ್ ತೆಗೆದು 2 ಗಂಟೆಯ ಸಾಲು ಇದೆಯೋ ನೋಡಿ. ಆಮೇಲೆ ಪಿಎಸ್ ಕಮಾಂಡ್‌ನಲ್ಲಿ ಇಟೈಮ್ ಕಾಲಂ ಕೇಳಿ. ಒಂದು ಪ್ರೊಸೆಸ್ ಎಷ್ಟು ಹೊತ್ತಿನಿಂದ ಬದುಕಿದೆ ಅಂತ ಅದು ಹೇಳುತ್ತದೆ. ಕೊನೆಗೆ ಎಲ್ಎಸ್‌ಲಾಕ್ಸ್ ಓಡಿಸಿ, ನಿಮ್ಮ ಲಾಕ್ ಫೈಲ್ ಯಾರ ಕೈಯಲ್ಲಿದೆ ನೋಡಿ.

ಏನೇ ಕಂಡರೂ ಕಿಲ್ ಮಾಡಬೇಡಿ. ಮೊದಲು ಇಲ್ಲಿ ಹಾಕಿ.

ನಸುಕು_ಡೆವ್ | 10:22

ಕ್ರಾನ್ ಲಾಗ್‌ನಲ್ಲಿ ನಾಲ್ಕೂ ರಾತ್ರಿ 02:00:01ಕ್ಕೆ ನನ್ನ ಕಮಾಂಡಿನ ಸಾಲು ಇದೆ. ಅಂದರೆ ಗಡಿಯಾರ ಬಡಿದಿದೆ.

ಪಿಎಸ್‌ನಲ್ಲಿ ನನ್ನ ಕಮಾಂಡಿನ ಒಂದು ಪ್ರೊಸೆಸ್ ಇದೆ. ಇಟೈಮ್ 3-08:20:14. ಮೂರು ದಿನ ಎಂಟು ಗಂಟೆ! ಶುಕ್ರವಾರ 2 ಗಂಟೆಗೆ ಶುರುವಾದದ್ದು ಇನ್ನೂ ಬದುಕಿದೆ. ಲಾಕ್ ಫೈಲ್ ಕೂಡ ಅದರ ಕಡೆಯೇ ಇದೆ.

ಹಳೇ_ಸರ್ವರ್ | 10:31

ಸಿಕ್ಕಿತು. ನಿಮ್ಮ ಜಾಬ್ ಓಡದೆ ಇಲ್ಲ. ಶುಕ್ರವಾರದ್ದು ಮುಗಿದೇ ಇಲ್ಲ. ಅದು ಬೀಗ ಹಿಡಿದುಕೊಂಡು ಕೂತಿದೆ. ಶನಿವಾರ, ಭಾನುವಾರ, ಇವತ್ತಿನ ಜಾಬ್‌ಗಳು ಬಂದು, ಬೀಗ ಸಿಗದೆ ಹಾಗೇ ವಾಪಸ್ ಹೋಗಿವೆ. ಎಫ್‌ಲಾಕ್‌ಗೆ ಮೈನಸ್ ಎನ್ ಕೊಟ್ಟರೆ ಬೀಗ ಸಿಗದಾಗ ಒಂದು ಮಾತೂ ಆಡುವುದಿಲ್ಲ, ಎಕ್ಸಿಟ್ ಕೋಡ್ (ಕಮಾಂಡ್ ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ) 1 ಕೊಟ್ಟು ಹೊರಡುತ್ತದೆ. ಆ 1 ಅನ್ನು ಕೇಳುವವರು ನಿಮ್ಮಲ್ಲಿ ಯಾರೂ ಇರಲಿಲ್ಲ.

ಕೈಯಲ್ಲಿ ಯಾಕೆ ಓಡಿತು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಟರ್ಮಿನಲ್‌ನಲ್ಲಿ ಓಡಿಸುವಾಗ ನೀವು ಎಫ್‌ಲಾಕ್ ಬಿಟ್ಟು ಬರೀ ಕಮಾಂಡ್ ಹಾಕಿದಿರಿ, ಅಲ್ವಾ? ಪರೀಕ್ಷೆ ಮಾಡುವಾಗ ಕ್ರಾನ್‌ಟ್ಯಾಬ್‌ನ ಸಾಲನ್ನು ಒಂದಕ್ಷರ ಬಿಡದೆ ಹಾಗೇ ಓಡಿಸಬೇಕು.

ಈಗ ಅದು ಎಲ್ಲಿ ನಿಂತಿದೆ ನೋಡೋಣ. ಪೈ-ಸ್ಪೈ ಇದ್ದರೆ ಅದರ ಡಂಪ್ ತೆಗೆಯಿರಿ, ಪ್ರೊಸೆಸ್ ನಿಲ್ಲಿಸದೆಯೇ ಪೈಥಾನ್ ಈಗ ಯಾವ ಸಾಲಿನಲ್ಲಿದೆ ಅಂತ ತೋರಿಸುತ್ತದೆ. ಜೊತೆಗೆ ಎಸ್ಎಸ್ ಕಮಾಂಡ್‌ನಲ್ಲಿ ಅದು ತೆರೆದಿರುವ ಕನೆಕ್ಷನ್ ನೋಡಿ.

ನಸುಕು_ಡೆವ್ | 10:55

ಹೌದು ಸರ್, ಎಫ್‌ಲಾಕ್ ಬಿಟ್ಟೇ ಓಡಿಸಿದ್ದೆ.

ಡಂಪ್‌ನ ತುದಿಯಲ್ಲಿ ಸಾಕೆಟ್‌ನಿಂದ ಓದುವ ಫಂಕ್ಷನ್ ಇದೆ. ಕೆಳಗೆ ಇಳಿಯುತ್ತಾ ಹೋದರೆ ರಿಕ್ವೆಸ್ಟ್ಸ್ ಲೈಬ್ರರಿಯ ಪೋಸ್ಟ್, ಅದರ ಕೆಳಗೆ ನನ್ನ ಕೋಡ್. ಇಮೇಲ್ ಕಳಿಸುವ ಸೇವೆಯ ಎಪಿಐಗೆ ಮಾಡಿದ ಕರೆ. ಎಸ್ಎಸ್‌ನಲ್ಲಿ ಆ ಕನೆಕ್ಷನ್ ಇನ್ನೂ 'ಎಸ್ಟ್ಯಾಬ್' (ತೆರೆದಿದೆ) ಅಂತಲೇ ತೋರಿಸುತ್ತಿದೆ. ಟೈಮೌಟ್ (ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ಕೊಟ್ಟಿಲ್ಲ. ಕೊಡದಿದ್ದರೆ ಲೈಬ್ರರಿಯೇ ಒಂದು ಮಿತಿ ಇಟ್ಟುಕೊಂಡಿರುತ್ತದೆ ಅಂದುಕೊಂಡಿದ್ದೆ.

ಹಳೇ_ಸರ್ವರ್ | 11:14

ಇಟ್ಟುಕೊಂಡಿಲ್ಲ. ಪೈಥಾನ್‌ನ ರಿಕ್ವೆಸ್ಟ್ಸ್‌ನಲ್ಲಿ ಟೈಮೌಟ್ ಕೊಡದಿದ್ದರೆ ಅದು ಎಷ್ಟು ಹೊತ್ತಾದರೂ ಕಾಯುತ್ತದೆ. ಇಮೇಲ್ ಕಳಿಸುವ ಪೈಥಾನ್‌ನ ಎಸ್ಎಂಟಿಪಿಲಿಬ್ ಕೂಡ ಹಾಗೇ.

ಮೂರು ದಿನ ಹೇಗೆ ಕಾಯಿತು ಅಂತ ಕೇಳಬಹುದು. ಟಿಸಿಪಿಯಲ್ಲಿ ಆ ಕಡೆಯವರು ಸರಿಯಾಗಿ ಕನೆಕ್ಷನ್ ಮುಚ್ಚಿದರೆ ಈ ಕಡೆಗೆ ಸುದ್ದಿ ಬರುತ್ತದೆ. ಆದರೆ ಮಧ್ಯದ ಫೈರ್‌ವಾಲ್ ಆ ಕನೆಕ್ಷನ್ನನ್ನು ಮರೆತುಬಿಟ್ಟರೆ, ಅಥವಾ ಆ ಕಡೆಯ ಯಂತ್ರ ದಿಢೀರ್ ಅಂತ ಸತ್ತರೆ, ಸುದ್ದಿ ಹೇಳುವವರೇ ಇರುವುದಿಲ್ಲ. ಕಳಿಸುವವರಾದರೆ ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ, ಯಾಕೆಂದರೆ ಕಳಿಸಿದ್ದಕ್ಕೆ ಉತ್ತರ ಬರುವುದಿಲ್ಲ. ಸುಮ್ನೆ ಓದಲು ಕಾಯುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. ಆ ಕಡೆಯವರು ಬದುಕಿದ್ದಾರಾ ಅಂತ ವಿಚಾರಿಸುವ ಕೀಪ್‌ಅಲೈವ್ ಅಂತ ಒಂದಿದೆ, ಆದರೆ ಸಾಕೆಟ್‌ಗೆ ಅದನ್ನು ನಾವೇ ಆನ್ ಮಾಡಬೇಕು. ಆನ್ ಮಾಡಿದರೂ ಲಿನಕ್ಸ್‌ನಲ್ಲಿ ಮೊದಲ ವಿಚಾರಣೆ ಹೋಗುವುದು 7200 ಸೆಕೆಂಡ್ ಆದ ಮೇಲೆ.

ಟೈಮೌಟ್‌ಗೆ ಎರಡು ಸಂಖ್ಯೆ ಕೊಡಿ: ಕನೆಕ್ಟ್ ಆಗಲು 5 ಸೆಕೆಂಡ್, ಓದಲು 30. ಓದುವ 30 ಅಂದರೆ ಇಡೀ ಕರೆಗೆ 30 ಅಲ್ಲ. ಡೇಟಾದ ಒಂದು ತುಣುಕಿಗೂ ಇನ್ನೊಂದಕ್ಕೂ ನಡುವೆ ಕಾಯುವ ಹೊತ್ತು ಅದು. ಹನಿ ಹನಿಯಾಗಿ ಉತ್ತರ ಬರುತ್ತಿದ್ದರೆ ಗಂಟೆಗಟ್ಟಲೆ ಎಳೆಯಬಹುದು. ಅದಕ್ಕೇ ಹೊರಗಿನಿಂದಲೂ ಒಂದು ಮಿತಿ ಇರಲಿ. ಎಫ್‌ಲಾಕ್ ಆದ ಮೇಲೆ, ನಿಮ್ಮ ಕಮಾಂಡಿಗೆ ಮುಂಚೆ, ಲಿನಕ್ಸ್‌ನ ಟೈಮೌಟ್ ಕಮಾಂಡ್ ಸೇರಿಸಿ 30 ನಿಮಿಷ ಕೊಡಿ. ಮೀರಿದರೆ ಅದು ಟರ್ಮ್ ಸಿಗ್ನಲ್ ಕಳಿಸಿ 124 ಎಕ್ಸಿಟ್ ಕೋಡ್ ಕೊಡುತ್ತದೆ. ಮೈನಸ್ ಕೆ ಕೂಡ ಕೊಟ್ಟರೆ, ಅದಕ್ಕೂ ಬಗ್ಗದಿದ್ದಾಗ ಕಿಲ್ ಸಿಗ್ನಲ್ ಹೋಗುತ್ತದೆ.

ಈಗ ಕಿಲ್ ಮಾಡಬಹುದು. ಮಾಡುವ ಮುಂಚೆ ಒಂದು ಪ್ರಶ್ನೆ: ಇಮೇಲ್ ಕಳಿಸುವ ಲೂಪ್ ಪೂರ್ತಿ ಒಂದೇ ಟ್ರಾನ್ಸಾಕ್ಷನ್ (ಎಲ್ಲ ಒಟ್ಟಿಗೆ ಉಳಿಯುವ, ಇಲ್ಲದಿದ್ದರೆ ಎಲ್ಲ ರದ್ದಾಗುವ ಡೇಟಾಬೇಸ್ ಕೆಲಸ) ಒಳಗೆ ಇದೆಯಾ?

ನಸುಕು_ಡೆವ್ | 11:50

ನಿಮ್ಮ ಕೊನೆಯ ಪ್ರಶ್ನೆ ನೋಡುವ ಮುಂಚೆಯೇ ಅವಸರಕ್ಕೆ ಕಿಲ್ ಮಾಡಿ, ಟೈಮೌಟ್ ಸೇರಿಸಿ, ಇಡೀ ಪಟ್ಟಿಗೆ ಓಡಿಸಿಬಿಟ್ಟೆ. ಎಲ್ಲ ಇಮೇಲ್ ಹೋದವು. ಅರ್ಧ ಗಂಟೆಯಲ್ಲಿ, "ಒಂದೇ ಇಮೇಲ್ ಎರಡು ಸಲ ಬಂತು, ನನ್ನ ಬುಕಿಂಗ್ ಎರಡಾಗಿದೆಯಾ?" ಅಂತ ಕೇಳಿ ಕೆಲವರು ಬರೆಯಲು ಶುರು ಮಾಡಿದರು. ಹೌದು, ಲೂಪ್ ಪೂರ್ತಿ ಒಂದೇ ಆ್ಯಟಾಮಿಕ್ ಬ್ಲಾಕ್ (ಜ್ಯಾಂಗೋದ ಟ್ರಾನ್ಸಾಕ್ಷನ್) ಒಳಗಿದೆ.

ಕ್ಯೂ_ಕಾಯುವವಳು | 12:08

ಈ ಭಾಗದ ಬಗ್ಗೆ ನಾನು ಹೇಳುತ್ತೇನೆ, ಇದೇ ಪೆಟ್ಟು ನಾನೂ ತಿಂದಿದ್ದೇನೆ.

ಶುಕ್ರವಾರ ರಾತ್ರಿ ಏನಾಯಿತು ನೋಡಿ. ಲೂಪ್ ಶುರುವಾಯಿತು. ಮೊದಲಿನ ಒಂದಷ್ಟು ಜನಕ್ಕೆ ಇಮೇಲ್ ಹೋಯಿತು, ಪ್ರತಿಯೊಬ್ಬರ ಸಾಲಿಗೂ 'ಕಳಿಸಿದೆ' ಗುರುತು ಬಿತ್ತು. ಆದರೆ ಕಮಿಟ್, ಅಂದರೆ ಬರೆದದ್ದು ಖಾಯಂ ಆಗುವುದು, ಕೊನೆಯಲ್ಲಿ. ಅಲ್ಲಿಗೆ ಅದು ತಲುಪಲೇ ಇಲ್ಲ. ಹಾಗಾಗಿ ಹೊರಗಿನಿಂದ ನೋಡಿದರೆ ಒಂದೂ ಗುರುತಿಲ್ಲ. ನೀವು ಕಿಲ್ ಮಾಡಿದಾಗ ಪೋಸ್ಟ್‌ಗ್ರೆಸ್ ಅವನ್ನೆಲ್ಲ ರೋಲ್‌ಬ್ಯಾಕ್ ಮಾಡಿತು. ಗುರುತು ಅಳಿಸಬಹುದು, ಹೋದ ಇಮೇಲ್ ವಾಪಸ್ ತರಲು ಆಗುವುದಿಲ್ಲ. ಇಮೇಲ್ ಸೇವೆಯ ಲಾಗ್ ತೆಗೆದು ಶುಕ್ರವಾರ 2 ಗಂಟೆಯ ಸುತ್ತ ನೋಡಿ, ಯಾರಿಗೆಲ್ಲ ಎರಡು ಹೋಗಿದೆ ಅಂತ ಸಿಗುತ್ತದೆ. ಅವರಿಗೆ ಬುಕಿಂಗ್ ಒಂದೇ ಇದೆ ಅಂತ ಇವತ್ತೇ ಬರೆಯಿರಿ, ಅವರು ಗಾಬರಿಯಾಗಿರುತ್ತಾರೆ.

ಇನ್ನೊಂದು ನಷ್ಟ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಆ ಟ್ರಾನ್ಸಾಕ್ಷನ್ ಮೂರು ದಿನ ತೆರೆದೇ ಇತ್ತು. ಪೋಸ್ಟ್‌ಗ್ರೆಸ್ ಇದನ್ನು 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತ ತೋರಿಸುತ್ತದೆ. ಗುರುತು ಹಾಕಿದ ಸಾಲುಗಳ ಬೀಗವೂ ಅದರ ಕೈಯಲ್ಲೇ. ಅದು ಇರುವಷ್ಟು ದಿನ ಆಮೇಲೆ ಸತ್ತ ಸಾಲುಗಳನ್ನು (ಬದಲಾದ, ಅಳಿಸಿದ ಸಾಲುಗಳ ಹಳೆಯ ಪ್ರತಿ) ವ್ಯಾಕ್ಯೂಮ್ ಗುಡಿಸಲಾರದು, ಟೇಬಲ್ ಊದುತ್ತಾ ಹೋಗುತ್ತದೆ. ಇದಕ್ಕೆಂದೇ ಒಂದು ಟೈಮೌಟ್ ಸೆಟ್ಟಿಂಗ್ ಪೋಸ್ಟ್‌ಗ್ರೆಸ್ 9.6ರಿಂದ ಇದೆ. ಡೀಫಾಲ್ಟ್ ಆಗಿ ಆಫ್ ಇರುತ್ತದೆ.

ಸರಿಮಾಡುವ ದಾರಿ: ಒಬ್ಬೊಬ್ಬರಿಗೂ ಬೇರೆ ಬೇರೆ ಚಿಕ್ಕ ಟ್ರಾನ್ಸಾಕ್ಷನ್. ಮೊದಲು ಆ ಸಾಲಿಗೆ 'ಕಳಿಸಲು ಹಿಡಿದಿದ್ದೇನೆ' ಅಂತ ಸಮಯದ ಜೊತೆ ಬರೆದು ಕಮಿಟ್ ಮಾಡಿ. ಟ್ರಾನ್ಸಾಕ್ಷನ್ ಮುಗಿದ ಮೇಲೆ ಇಮೇಲ್ ಕಳಿಸಿ. ಹೋಯಿತು ಅಂದಮೇಲೆ 'ಕಳಿಸಿದೆ' ಬರೆದು ಮತ್ತೆ ಕಮಿಟ್ ಮಾಡಿ. ಹೊರಗಿನ ಸೇವೆಯ ಕರೆ ಯಾವತ್ತೂ ಟ್ರಾನ್ಸಾಕ್ಷನ್ ಒಳಗೆ ಬೇಡ. ನಾಳೆ ಎರಡು ಪ್ರೊಸೆಸ್ ಒಟ್ಟಿಗೆ ಓಡಿಸಬೇಕಾದರೆ, ಸಾಲು ಹಿಡಿಯುವಾಗ ಫಾರ್ ಅಪ್‌ಡೇಟ್ ಜೊತೆ ಸ್ಕಿಪ್ ಲಾಕ್ಡ್ ಸೇರಿಸಿದರೆ ಒಂದೇ ಸಾಲಿಗೆ ಇಬ್ಬರೂ ಕೈ ಹಾಕುವುದಿಲ್ಲ.

ನೀಲಿ_ಟರ್ಮಿನಲ್ | 12:20

'ಹಿಡಿದಿದ್ದೇನೆ' ಅಂತ ಬರೆದು, ಇಮೇಲ್ ಕಳಿಸಿ, 'ಕಳಿಸಿದೆ' ಬರೆಯುವ ಮುಂಚೆ ಸರ್ವರ್ ಸತ್ತರೆ?

ಕ್ಯೂ_ಕಾಯುವವಳು | 12:33

ಆಗ ಹೋಯಿತೋ ಇಲ್ಲವೋ ಅಂತ ನಮ್ಮ ಡೇಟಾಬೇಸ್ ಹೇಳಲಾರದು. ಆ ಸಂದು ಪೂರ್ತಿ ಮುಚ್ಚುವುದಿಲ್ಲ. ಎರಡು ಸಲ ಹೋದರೂ ಪರವಾಗಿಲ್ಲವಾ, ಇಲ್ಲ ಒಂದು ಸಲವೂ ಹೋಗದಿದ್ದರೆ ಪರವಾಗಿಲ್ಲವಾ ಅಂತ ಮೊದಲೇ ನಿರ್ಧರಿಸಬೇಕು. ನೆನಪಿನ ಇಮೇಲ್ ಎರಡು ಸಲ ಹೋಗಲಿ ಅನ್ನುತ್ತೇನೆ ನಾನು, ಅಪಾಯಿಂಟ್‌ಮೆಂಟ್ ತಪ್ಪುವುದಕ್ಕಿಂತ ಅದು ಮೇಲು. ಹಣ ಕಡಿತ ಮಾಡುವ ಜಾಬ್ ಆದರೆ ಹಾಗೆ ಹೇಳಲಾರೆ. ಅಲ್ಲಿ ಒಂದು ಗಂಟೆ ಮೀರಿ 'ಹಿಡಿದಿದ್ದೇನೆ'ಯಲ್ಲೇ ಉಳಿದ ಸಾಲನ್ನು ಮನುಷ್ಯರೇ ನೋಡಬೇಕು.

ಕೆಲವು ಸೇವೆಗಳು ಪ್ರತಿ ಕರೆಯ ಜೊತೆ ಒಂದು ಕೀ ತೆಗೆದುಕೊಳ್ಳುತ್ತವೆ. ಅದೇ ಕೀ ಎರಡನೇ ಸಲ ಬಂದರೆ ಕೆಲಸ ಮತ್ತೆ ಮಾಡುವುದಿಲ್ಲ. ನಿಮ್ಮ ಸೇವೆಯಲ್ಲಿ ಅದಿದ್ದರೆ ಅಪಾಯಿಂಟ್‌ಮೆಂಟ್ ಸಂಖ್ಯೆಯಿಂದಲೇ ಕೀ ಮಾಡಿ. ಪ್ರತಿ ಸಲ ಹೊಸ ರ್‍ಯಾಂಡಮ್ ಕೀ ಮಾಡಿದರೆ ಅದರಿಂದ ಉಪಯೋಗವಿಲ್ಲ.

ಪಿಎಚ್‌ಪಿ_ಮಿತ್ರ | ಮಧ್ಯಾಹ್ನ 2:15

ಲಾರಾವೆಲ್‌ನಲ್ಲಿ (ಪಿಎಚ್‌ಪಿಯ ವೆಬ್ ಫ್ರೇಮ್‌ವರ್ಕ್) ಇರುವವರಿಗೂ ಇದೇ ಕಥೆ ಇನ್ನೊಂದು ವೇಷದಲ್ಲಿ ಬರುತ್ತದೆ. ಜಾಬ್ ಒಂದರ ಮೇಲೊಂದು ಓಡದಂತೆ ವಿತೌಟ್‌ಓವರ್‌ಲ್ಯಾಪಿಂಗ್ ಹಾಕಿದರೆ ಬೀಗ ಕ್ಯಾಶ್‌ನಲ್ಲಿ ಕೂರುತ್ತದೆ, ಡೀಫಾಲ್ಟ್ ಅವಧಿ 1440 ನಿಮಿಷ, ಅಂದರೆ ಪೂರ್ತಿ ಒಂದು ದಿನ. ಎಫ್‌ಲಾಕ್‌ನ ಬೀಗ ಪ್ರೊಸೆಸ್ ಸತ್ತರೆ ತಾನೇ ಬಿಡುತ್ತದೆ. ಕ್ಯಾಶ್‌ನ ಬೀಗ ಹಾಗಲ್ಲ. ಐದು ನಿಮಿಷಕ್ಕೊಮ್ಮೆ ಓಡುವ ಜಾಬ್ ಮೆಮೊರಿ ಮೀರಿ ಕಿಲ್ ಆದರೆ, ಪ್ರೊಸೆಸ್ ಎಲ್ಲೂ ಕಾಣುವುದಿಲ್ಲ, ಆದರೂ ಒಂದು ದಿನ ಜಾಬ್ ಓಡುವುದಿಲ್ಲ. ಅವಧಿಯನ್ನು ಜಾಬ್‌ಗೆ ಬೇಕಾದಷ್ಟೇ ಕೊಡಿ.

ಗಡಿಯಾರ_ಮುಳ್ಳು | 3:02

ಹುಡುಕುತ್ತಾ ಇಲ್ಲಿಗೆ ಬಂದೆ. ನನ್ನ ಸಮಸ್ಯೆ ಉಲ್ಟಾ: ಜಾಬ್ ದಿನಾ ನಾಲ್ಕು ಸಲ ಓಡುತ್ತಿದೆ, ಒಂದೇ ಸೆಕೆಂಡಿನಲ್ಲಿ. ವೆಬ್ ಆ್ಯಪ್ ಫ್ಲಾಸ್ಕ್‌ನಲ್ಲಿದೆ, ಜಾಬ್ ಓಡಿಸುವುದು ಅದರೊಳಗಿನ ಎಪಿಶೆಡ್ಯೂಲರ್. ಲ್ಯಾಪ್‌ಟಾಪ್‌ನಲ್ಲಿ ಒಂದೇ ಸಲ ಓಡುತ್ತದೆ.

ಕ್ಯೂ_ಕಾಯುವವಳು | 3:10

ಸರ್ವರ್‌ನಲ್ಲಿ ಆ್ಯಪ್ ಓಡಿಸಲು ಜಿಯುನಿಕಾರ್ನ್ ಇದೆಯಾ? ವರ್ಕರ್ ಸಂಖ್ಯೆ 4 ಇರಬೇಕು.

ಗಡಿಯಾರ_ಮುಳ್ಳು | 3:12

ಹೌದು!! 4!

ಕ್ಯೂ_ಕಾಯುವವಳು | 3:24

ಪ್ರತಿ ವರ್ಕರ್ ಬೇರೆ ಪ್ರೊಸೆಸ್, ಪ್ರತಿಯೊಂದರಲ್ಲೂ ನಿಮ್ಮ ಆ್ಯಪ್ ಲೋಡ್ ಆಗುತ್ತದೆ, ಅದರ ಜೊತೆ ಒಂದೊಂದು ಶೆಡ್ಯೂಲರ್ ಹುಟ್ಟುತ್ತದೆ. ನಾಳೆ ಇನ್ನೊಂದು ಸರ್ವರ್ ಸೇರಿಸಿದರೆ ಎಂಟಾಗುತ್ತದೆ. ವೆಬ್ ಪ್ರೊಸೆಸ್‌ನ ಹೊಟ್ಟೆಯೊಳಗೆ ಗಡಿಯಾರ ಇಡಬೇಡಿ. ಶೆಡ್ಯೂಲರ್‌ಗೆ ಅಂತಲೇ ಒಂದು ಪ್ರತ್ಯೇಕ ಪ್ರೊಸೆಸ್ ಓಡಿಸಿ. ಸೆಲರಿ (ಹಿನ್ನೆಲೆಯಲ್ಲಿ ಟಾಸ್ಕ್ ಓಡಿಸುವ ಪೈಥಾನ್ ಸಾಧನ) ಬಳಸುವವರು ಅದರ ಶೆಡ್ಯೂಲರ್ ಬೀಟ್ ಅನ್ನು ಒಂದೇ ಒಂದು ಓಡಿಸಬೇಕು ಅನ್ನುವುದೂ ಇದೇ ಕಾರಣಕ್ಕೆ.

ಸೆಲರಿ ಅಂದಾಗ ನೆನಪಾಯಿತು. ಬ್ರೋಕರ್ (ಟಾಸ್ಕ್‌ಗಳನ್ನು ವರ್ಕರ್‌ಗಳಿಗೆ ಹಂಚುವ ಜಾಗ) ರೆಡಿಸ್ ಆಗಿದ್ದು, 'ನಾಳೆ ಈ ಹೊತ್ತಿಗೆ ಓಡು' ಅಂತ ಇಟಿಎ ಕೊಟ್ಟ ಟಾಸ್ಕ್‌ಗಳು ಹಲವು ಸಲ ಓಡಿದರೆ ವಿಸಿಬಿಲಿಟಿ ಟೈಮೌಟ್ ನೋಡಿ. ಡೀಫಾಲ್ಟ್ ಒಂದು ಗಂಟೆ. ಅಷ್ಟರೊಳಗೆ ವರ್ಕರ್ 'ಮುಗಿಸಿದೆ' ಅನ್ನದಿದ್ದರೆ ರೆಡಿಸ್‌ನಿಂದ ಅದೇ ಟಾಸ್ಕ್ ಇನ್ನೊಬ್ಬರಿಗೆ ಹೋಗುತ್ತದೆ. ಹಿಂದಿನವರು ಇನ್ನೂ ಕೈಯಲ್ಲಿ ಹಿಡಿದು ಸಮಯಕ್ಕೆ ಕಾಯುತ್ತಿರುತ್ತಾರೆ.

ನೋಡ್_ನೆರೆಯವರು | ಸಂಜೆ 5:40

ನೋಡ್ ಜೆಎಸ್‌ನವರಿಗೆ ಒಂದು. ಟ್ರಯಲ್ ಮುಗಿಯುವ ನೆನಪನ್ನು 30 ದಿನದ ಸೆಟ್‌ಟೈಮೌಟ್ (ಇಷ್ಟು ಹೊತ್ತಾದ ಮೇಲೆ ಓಡು ಅನ್ನುವ ಫಂಕ್ಷನ್) ಹಾಕಿ ಬರೆದಿದ್ದೆ. ಸೈನ್ ಅಪ್ ಆದ ಕೂಡಲೇ ಹೋಯಿತು! ಸೆಟ್‌ಟೈಮೌಟ್ ಹಿಡಿಯುವ ಗರಿಷ್ಠ ಸಂಖ್ಯೆ 2147483647 ಮಿಲಿಸೆಕೆಂಡ್, ಸುಮಾರು 24.8 ದಿನ. ಅದು ಮೀರಿದರೆ ನೋಡ್ ಅದನ್ನು 1 ಮಿಲಿಸೆಕೆಂಡ್ ಅಂತ ತೆಗೆದುಕೊಳ್ಳುತ್ತದೆ. ಸಂಖ್ಯೆ ಹಿಡಿಸಿದರೂ ಸರ್ವರ್ ರೀಸ್ಟಾರ್ಟ್ ಆದರೆ ಎಲ್ಲ ಹೋಯಿತು. ದಿನಾಂಕ ಡೇಟಾಬೇಸ್‌ನಲ್ಲಿರಲಿ, ದಿನಕ್ಕೊಮ್ಮೆ ಒಂದು ಜಾಬ್ ಬಂದು ನೋಡಲಿ.

ನೀಲಿ_ಟರ್ಮಿನಲ್ | 6:05

ತಿಂಗಳ ಮೊದಲ ಸೋಮವಾರಕ್ಕೆ 0 9 1-7 * 1 ಅಂತ ಬರೆಯುವವರು ಗಮನಿಸಿ. ತಾರೀಖು, ವಾರ ಎರಡೂ ಕೊಟ್ಟರೆ ಕ್ರಾನ್ 'ಎರಡರಲ್ಲಿ ಯಾವುದಾದರೂ' ಅಂತ ಓದುತ್ತದೆ. 1ರಿಂದ 7ರವರೆಗೆ ದಿನಾ ಓಡುತ್ತದೆ, ಜೊತೆಗೆ ಪ್ರತಿ ಸೋಮವಾರವೂ. ವಾರದ ಪರೀಕ್ಷೆಯನ್ನು ಸ್ಕ್ರಿಪ್ಟ್ ಒಳಗೆ ಮಾಡಿ.

ಮತ್ತೆ ನಸುಕು_ಡೆವ್ ಅವರೇ, ಬಳಕೆದಾರರು ಬೇರೆ ಬೇರೆ ದೇಶದಲ್ಲಿದ್ದರೆ 2 ಗಂಟೆಯ ಆಯ್ಕೆಯನ್ನೂ ಮತ್ತೊಮ್ಮೆ ಯೋಚಿಸಿ. ಬೇಸಿಗೆಗೆ ಗಡಿಯಾರ ಮುಂದಿಡುವ ಹಲವು ಕಡೆ 2ರಿಂದ 3ರ ನಡುವಿನ ಹೊತ್ತು ವರ್ಷಕ್ಕೊಮ್ಮೆ ಇರುವುದೇ ಇಲ್ಲ. ಸರ್ವರ್ ಯುಟಿಸಿಯಲ್ಲಿರಲಿ, ಅಲ್ಲಿ ಗಡಿಯಾರ ಹಿಂದೆ ಮುಂದೆ ಆಗುವುದಿಲ್ಲ.

ನಸುಕು_ಡೆವ್ | ಮುಂದಿನ ವಾರದ ಬುಧವಾರ, ರಾತ್ರಿ 8:30

ಏನೇನು ಮಾಡಿದೆ ಅಂತ ಹೇಳದೆ ಹೋದರೆ ತಪ್ಪಾಗುತ್ತದೆ. ಅವತ್ತೇ ಎರಡು ಇಮೇಲ್ ಹೋದ ಎಲ್ಲರಿಗೂ ಕ್ಷಮೆ ಕೇಳಿ ಬರೆದೆ. ಟೈಮೌಟ್ ಎರಡೂ ಕಡೆ ಬಂತು. ಲೂಪ್ ಒಡೆದು ಒಬ್ಬೊಬ್ಬರಿಗೆ ಒಂದೊಂದು ಕಮಿಟ್ ಆಯಿತು. ಡೆವ್ ನಲ್ ತೆಗೆದು ಲಾಗ್ ಫೈಲ್‌ಗೆ ಬರೆಸುತ್ತಿದ್ದೇನೆ.

ಜೊತೆಗೆ ಒಂದು ಚಿಕ್ಕ ಟೇಬಲ್: ಜಾಬ್ ಶುರುವಾದಾಗ ಒಂದು ಸಾಲು, ಮುಗಿದಾಗ ಅದೇ ಸಾಲಿಗೆ ಮುಗಿದ ಸಮಯ, ಎಷ್ಟು ಜನಕ್ಕೆ ಕಳಿಸಬೇಕಿತ್ತು, ಎಷ್ಟು ಹೋಯಿತು. ಬೆಳಿಗ್ಗೆ 3ಕ್ಕೆ ಇನ್ನೊಂದು ಜಾಬ್ ಅದನ್ನು ಓದಿ, ಮುಗಿದ ಸಮಯ ಇಲ್ಲದಿದ್ದರೆ ನನ್ನ ಫೋನ್‌ಗೆ ಮೆಸೇಜ್ ಕಳಿಸುತ್ತದೆ.

ಹಳೇ_ಸರ್ವರ್ | 8:52

ಟೇಬಲ್ ನೋಡಿ ಖುಷಿಯಾಯಿತು. ಆ 3 ಗಂಟೆಯ ಜಾಬ್ ಎಲ್ಲಿ ಓಡುತ್ತಿದೆ? ಅದೇ ಸರ್ವರ್‌ನ ಅದೇ ಕ್ರಾನ್‌ನಲ್ಲಾದರೆ, ಕ್ರಾನ್ ನಿಂತ ದಿನ ಎರಡೂ ನಿಲ್ಲುತ್ತವೆ. ಉಲ್ಟಾ ಮಾಡಿ. ಜಾಬ್ ಮುಗಿದಾಗ ಹೊರಗಿನ ಒಂದು ಯಂತ್ರಕ್ಕೆ 'ಮುಗಿಸಿದೆ' ಅಂತ ಒಂದು ಕರೆ ಹೋಗಲಿ. ಇಷ್ಟು ಹೊತ್ತಿಗೆ ಆ ಕರೆ ಬರದಿದ್ದರೆ ಅಲ್ಲಿಂದ ಮೆಸೇಜ್ ಬರಲಿ. ಆಗ ಸರ್ವರ್ ಪೂರ್ತಿ ಸತ್ತರೂ ನಿಮಗೆ ಗೊತ್ತಾಗುತ್ತದೆ.

ಎಫ್‌ಲಾಕ್‌ಗೆ ಮೈನಸ್ ದೊಡ್ಡ ಇ ಅಂತ ಒಂದು ಆಯ್ಕೆ ಇದೆ. ಬೀಗ ಸಿಗದಾಗ ಯಾವ ಎಕ್ಸಿಟ್ ಕೋಡ್ ಕೊಡಬೇಕು ಅಂತ ನೀವೇ ಹೇಳಬಹುದು. 75 ಕೊಡಿ. ಕಮಾಂಡ್ ಸೋತದ್ದು 1, ಬೀಗ ಸಿಗದ್ದು 75, ಸಮಯ ಮೀರಿದ್ದು 124, ಮೂರೂ ಬೇರೆ ಬೇರೆ ಕಾಣುತ್ತವೆ.

ನಸುಕು_ಡೆವ್ | ಗುರುವಾರ, ಬೆಳಿಗ್ಗೆ 11:17

ಎರಡೂ ಮಾಡಿದೆ. ಪರೀಕ್ಷೆಗೆ ಸ್ಟೇಜಿಂಗ್ ಸರ್ವರ್‌ನಲ್ಲಿ ಇನ್ನೊಂದು ಟರ್ಮಿನಲ್‌ನಿಂದ ಬೀಗ ಹಿಡಿದು ಕೂತೆ, ಕ್ರಾನ್‌ಟ್ಯಾಬ್‌ನ ಸಾಲನ್ನು ಈ ಸಲ ಒಂದಕ್ಷರ ಬಿಡದೆ ಹಾಗೇ ಓಡಿಸಿದೆ. ಲಾಗ್‌ನಲ್ಲಿ 75 ಬಿತ್ತು. ಆಮೇಲೆ ಕ್ರಾನ್ ಸರ್ವಿಸನ್ನೇ ನಿಲ್ಲಿಸಿ ನೋಡಿದೆ. ಹೇಳಿದ ಹೊತ್ತು ಮೀರಿ ಒಂದು ನಿಮಿಷಕ್ಕೆ ಫೋನ್‌ಗೆ ಮೆಸೇಜ್ ಬಂತು.